ಸಾಲ ಮಾಡಿ ಸಮ್ಮೇಳನಕ್ಕೆ

1939ರಲ್ಲಿ ನ್ಯೂಯಾರ್ಕ್‌ನಲ್ಲಿ ಮೊದಲ ವಿಶ್ವ ಸೈನ್ಸ್ ಫಿಕ್ಷನ್ ಸಮ್ಮೇಳನ ನಡೆದಾಗ ಸೇರಿದ್ದವರು ಸುಮಾರು 200 ಮಂದಿ. ಅವರಲ್ಲೊಬ್ಬ ಲಾಸ್ ಏಂಜಲೀಸ್‌ನ ಹದಿನೆಂಟರ ಹುಡುಗ. ಬೀದಿ ಮೂಲೆಯಲ್ಲಿ ಪೇಪರ್ ಮಾರುತ್ತಿದ್ದವನು. ಗೆಳೆಯ ಫಾರೆಸ್ಟ್ ಆಕರ್‌ಮನ್ ಹತ್ತಿರ ಸಾಲ ಎತ್ತಿ, ಗ್ರೇಹೌಂಡ್ ಬಸ್ಸು ಹತ್ತಿ, ದೇಶದ ಈ ತುದಿಯಿಂದ ಆ ತುದಿಗೆ ಹೋದ. ಹೋಗುವಾಗ ಇನ್ನೊಬ್ಬ ಗೆಳೆಯ ಹ್ಯಾನೆಸ್ ಬಾಕ್ ಬಿಡಿಸಿದ ಚಿತ್ರಗಳ ಕಟ್ಟನ್ನೂ ಹೊತ್ತೊಯ್ದು ಸಂಪಾದಕರ ಮುಂದೆ ಹರಡಿದ. ಅದೇ ಡಿಸೆಂಬರ್‌ನ ‘ವಿಯರ್ಡ್ ಟೇಲ್ಸ್’ ಪತ್ರಿಕೆಯ ಮುಖಪುಟದಲ್ಲಿ ಬಾಕ್‌ನ ಚಿತ್ರ!

ಆ ಹುಡುಗನೇ ಮುಂದೆ ಹೆಸರಾಂತ ಲೇಖಕನಾದ ರೇ ಬ್ರಾಡ್‌ಬರಿ.

ಸೈನ್ಸ್ ಫಿಕ್ಷನ್ ಅಭಿಮಾನಿಗಳಿಗೆ ದುಡ್ಡಿನ ತಾಪತ್ರಯ ಹೊಸದಲ್ಲ. ಎಲ್ಲರೂ ಚಂದಾ ಹಾಕಿ, ಮತ ಚಲಾಯಿಸಿ, ತಮ್ಮಲ್ಲೊಬ್ಬರನ್ನು ಅಟ್ಲಾಂಟಿಕ್ ದಾಟಿಸಿ ಸಮ್ಮೇಳನಕ್ಕೆ ಕಳಿಸುವ ನಿಧಿಯನ್ನೇ 1953ರಲ್ಲಿ ಶುರು ಮಾಡಿದರು. ಸಮ್ಮೇಳನ ನಡೆಸುವವರೂ ಸಂಬಳವಿಲ್ಲದ ಸ್ವಯಂಸೇವಕರೇ.

ನಾವೋ, ಹೋಟೆಲ್ ಬಾಡಿಗೆ ನೋಡಿದ ಕೂಡಲೇ ‘ಮುಂದಿನ ವರ್ಷ ನೋಡೋಣ’ ಅಂತ ಮೊಬೈಲ್ ಕೆಳಗಿಡುತ್ತೇವೆ. ಜೊತೆಗೆ ಬರುವವರು ಯಾರೂ ಇಲ್ಲ ಅನ್ನೋದು ಇನ್ನೊಂದು ನೆಪ. ಆದರೆ ಸಮ್ಮೇಳನದ ಟೀ ಕ್ಯೂನಲ್ಲಿ ನಿಂತು ಸೈನ್ಸ್ ಫಿಕ್ಷನ್ ಲೇಖಕ ಆಸಿಮೋವ್ ಹೆಸರೆತ್ತಿ ನೋಡಿ, ಜಗಳ ಆಡೋಕಾದರೂ ನಾಲ್ಕು ಜನ ಸಿಗುತ್ತಾರೆ.