ಮೂವರಲ್ಲಿ ಇಬ್ಬರು ಒಪ್ಪಬೇಕು

ಕೈವಾರದ ನ್ಯಾಯಬೆಲೆ ಅಂಗಡಿಯಲ್ಲಿ ಅಜ್ಜಿಯೊಬ್ಬರು ಯಂತ್ರದ ಮೇಲೆ ಹೆಬ್ಬೆಟ್ಟು ಒತ್ತಿದರು. ಚೀಟಿ ಬಂತು, ಅಕ್ಕಿ ಅಳೆದರು. ಆ ಹೆಬ್ಬೆಟ್ಟನ್ನು ತಾಳೆ ನೋಡುವ ಆಧಾರ್‌ನ ದತ್ತಾಂಶ ಕೇಂದ್ರಗಳು ಎರಡು. ಒಂದು ನಮ್ಮ ಹೆಬ್ಬಾಳದಲ್ಲಿ, ಇನ್ನೊಂದು ಹರಿಯಾಣದ ಮಾನೇಸರದಲ್ಲಿ. 'ಒಂದು ಮಲಗಿದರೂ ಅಜ್ಜಿಗೆ ಅಕ್ಕಿ ಸಿಗಬೇಕಲ್ಲ' ಎಂದ ಗೆಳೆಯ. ಡೇಟಾಬೇಸ್ ಕಾಯುವುದೇ ಅವನ ಕಸುಬು. ಅಂಬಾಜಿದುರ್ಗದ ಬೆಟ್ಟ ಹತ್ತುವಷ್ಟು ಹೊತ್ತೂ ಅದು ಹೇಗೆಂದು ಅವನನ್ನು ಬಿಡದೆ ಕೇಳಿದೆ.

ಕೈಲಾಸಗಿರಿಯ ಗುಹೆಗಳು ಹಿಂದೆ ಉಳಿದವು. ಬೆಟ್ಟದ ಎತ್ತರ 4,000 ಅಡಿಗೂ ಮೇಲೆ. ಟಿಪ್ಪು ಭದ್ರಪಡಿಸಿದ ಕೋಟೆಯ ಗೋಡೆಗೆ ಒರಗಿ ನಿಂತರೆ ಎದುರಿಗೇ ರಹಮಾನ್‌ಗಢದ ಕೋಟೆಗುಡ್ಡ. ಆ ಗುಡ್ಡದ ದೀಪ ಒಂದು ರಾತ್ರಿ ಕಾಣದಿದ್ದರೆ ಇಲ್ಲಿನ ಕಾವಲುಗಾರ ಏನೆಂದುಕೊಳ್ಳಬೇಕು? ಕೋಟೆ ಬಿತ್ತೆಂದೋ, ಮಂಜು ಕವಿದಿದೆಯೆಂದೋ?

'ಸರ್ವರ್‌ಗಳ ಪಾಡೂ ಅದೇ ಕಣೋ. ಲೆಕ್ಕ ಬರೆಯುವ ಯಜಮಾನ ಸರ್ವರ್ ಉಳಿದವಕ್ಕೆ ಕ್ಷಣಕ್ಷಣಕ್ಕೂ "ಇದ್ದೇನೆ" ಅಂತ ಹೇಳ್ತಿರುತ್ತೆ. ಮಾತು ನಿಂತರೆ ಸತ್ತಿದೆಯೋ, ನಡುವಿನ ತಂತಿ ಕಡಿದಿದೆಯೋ ಗೊತ್ತಾಗಲ್ಲ.'

ಸತ್ತಿತೆಂದು ಅವಸರಪಟ್ಟು ಇನ್ನೊಂದನ್ನು ಕೂರಿಸಿದರೆ ಯಜಮಾನರು ಇಬ್ಬರಾಗುತ್ತಾರೆ, ಲೆಕ್ಕ ಎರಡಾಗುತ್ತದೆ. 2018ರ ಅಕ್ಟೋಬರ್ 21ರಂದು ಅಮೆರಿಕದಲ್ಲಿ, ಪ್ರೋಗ್ರಾಂ ಬರೆಯುವವರ ತಾಣವಾದ ಗಿಟ್‌ಹಬ್‌ನ ಜಾಲಸಂಪರ್ಕ ಕಡಿದದ್ದು ಬರೀ 43 ಸೆಕೆಂಡು. ಅಷ್ಟರಿಂದಲೇ ಯಜಮಾನಿಕೆ ಪೂರ್ವ ಕರಾವಳಿಯಿಂದ ಪಶ್ಚಿಮಕ್ಕೆ ಹೋಯಿತು. ಒಂದು ಕಡೆ ಬರೆದದ್ದು ಇನ್ನೊಂದು ಕಡೆ ಇಲ್ಲ! ಎಲ್ಲ ಸರಿಹೋಗಲು 24 ಗಂಟೆಗೂ ಮೇಲೆ ಹಿಡಿಯಿತು.

ಅದಕ್ಕೇ ಬಹುಮತ. ಮೂರು ಸರ್ವರ್ ಇದ್ದರೆ ಎರಡು, ಐದಿದ್ದರೆ ಮೂರು ಒಪ್ಪಿದರೆ ಮಾತ್ರ ಹೊಸ ಯಜಮಾನ. 2014ರಲ್ಲಿ ಪ್ರಕಟವಾದ ರಾಫ್ಟ್ ಎಂಬ ವಿಧಾನದಲ್ಲಿ ಯಜಮಾನನ ಮಾತಿಗಾಗಿ ಪ್ರತಿ ಸರ್ವರ್ ಕಾಯುವ ಅವಧಿಯೂ ಬೇರೆ ಬೇರೆ. ಎಲ್ಲವೂ ಒಟ್ಟಿಗೆ ಉಮೇದುವಾರರಾಗಿ ಮತ ಹಂಚಿಹೋಗಬಾರದಲ್ಲ! ಪ್ರತಿ ಚುನಾವಣೆಗೂ ಏರುವ ಒಂದು ಸಂಖ್ಯೆಯೂ ಇದೆ. ಮತ್ತೆ ಎಚ್ಚೆತ್ತ ಹಳೆಯ ಯಜಮಾನ ತನಗಿಂತ ದೊಡ್ಡ ಸಂಖ್ಯೆ ಕಂಡ ಕೂಡಲೇ ತಾನಾಗಿ ಕೆಳಗಿಳಿಯುತ್ತದೆ, ಬಹುಮತ ಸಿಗದ ತನ್ನ ಬರಹಗಳನ್ನು ಅಳಿಸಿ ಹೊಸಬನ ಪ್ರತಿಯನ್ನು ಪಡೆಯುತ್ತದೆ. ಇದನ್ನು ಕೇಳಿ ಮೈ ಜುಮ್ಮೆಂದಿತು. ಎಷ್ಟು ರಾಜ್ಯಗಳು ಕೈಬದಲಾದಾಗ ಹೀಗೆ ನಡೆದಿದೆ?

ಇಳಿಯುವಾಗ ಇನ್ನೊಂದು ಸಂದೇಹ ಹುಟ್ಟಿತು. ಸರ್ವರ್‌ಗಳು ಎರಡೇ ಊರಲ್ಲಿದ್ದು, ನಡುವಿನ ದಾರಿಯೇ ಕಡಿದರೆ ಬಹುಮತ ಯಾರದು? ಅಂಥ ಹೊತ್ತಿಗೆಂದು ಮೂರನೆಯ ಊರಿನಲ್ಲಿ ಪುಟ್ಟದೊಂದು ಸಾಕ್ಷಿ ಯಂತ್ರ ಇಡುತ್ತಾರಂತೆ. ಅದರೊಳಗೆ ಯಾರ ಲೆಕ್ಕವೂ ಇರುವುದಿಲ್ಲ, ಒಂದು ಮತ ಮಾತ್ರ.