ಕೊಡುವ ಮುನ್ನ ತಾಳೆ ನೋಡಬೇಕು

ಹಳೆಯದನ್ನು ಕೊಟ್ಟು ಹೊಸದನ್ನು ಕೊಳ್ಳುವ ಪದ್ಧತಿ ನಮ್ಮ ಹಿರಿಯರಿಗೆ ತಿಳಿಯದ್ದೇನಲ್ಲ. ನಾವು ಚಿಕ್ಕವರಿದ್ದಾಗ ನಮ್ಮ ತಾಯಿಯವರು ತೂತುಬಿದ್ದ ತಾಮ್ರದ ಕೊಡವನ್ನು ಸೆರಗಿನ ಮರೆಯಲ್ಲಿ ಹಿಡಿದು ಬೋಗಾರರ ಅಂಗಡಿಗೆ ಹೋಗುತ್ತಿದ್ದರು. ಅಂಗಡಿಯವರು ಕೊಡವನ್ನು ತಕ್ಕಡಿಗೆ ಹಾಕಿ, ಬೆಸುಗೆಯ ತೂಕವನ್ನು ಕಳೆದು, ಮಿಕ್ಕ ತಾಮ್ರಕ್ಕೆ ಬೆಲೆ ಕಟ್ಟುತ್ತಿದ್ದರು. ಒಪ್ಪಿಗೆಯಾದರೆ ಹೊಸ ಕೊಡ; ಆಗದಿದ್ದರೆ ಹಳೆಯ ಕೊಡದೊಡನೆ ಮನೆಯ ದಾರಿ. ಅದೇ ವ್ಯವಹಾರದ ಹೊಸ ರೂಪವೊಂದನ್ನು ನಾವು 2024ರ ಬೇಸಿಗೆಯಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿರುವ ಮಗಳ ಮನೆಯಲ್ಲಿ ತಂಗಿದ್ದಾಗ ಕಂಡೆವು. ಆ ಸಂದರ್ಭದಲ್ಲಿ ನಮ್ಮಿಂದ ಆಗಲಿದ್ದ ಒಂದು ಪ್ರಮಾದವನ್ನು ಓದುಗ ಬಂಧುಗಳ ಮುಂದೆ ಮುಚ್ಚುಮರೆಯಿಲ್ಲದೆ ನಿವೇದಿಸಬೇಕೆನಿಸಿದೆ.

ನಮ್ಮ ಬಳಿ ಇದ್ದುದು ಆ್ಯಪಲ್ ಕಂಪನಿಯ ಮ್ಯಾಕ್‌ಬುಕ್ ಏರ್ ಎಂಬ ಲ್ಯಾಪ್‌ಟಾಪ್. 2020ರ ಮಾದರಿ, ಹದಿಮೂರು ಇಂಚಿನ ಪರದೆ. ಮಗಳು ಅದನ್ನು 2021ರಲ್ಲಿ ತಂದುಕೊಟ್ಟಿದ್ದಳು. ಮಠದ ಪಾಠಶಾಲೆಯಲ್ಲಿ ಗುರುಗಳ ಎದುರು ಕುಳಿತು ಓಲೆಗರಿ ಓದುವುದನ್ನು ಕಲಿತ ನಾವು, ಅರವತ್ತರ ಹೊಸ್ತಿಲಲ್ಲಿ ಕೀಲಿಮಣೆಯ ಮೇಲೆ ಬೆರಳಾಡಿಸುವುದನ್ನು ಕಲಿತೆವು. ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೂ ಸಣ್ಣ ಪರದೆಯ ಅಕ್ಷರಗಳು ಆಯಾಸ ತರುತ್ತಿದ್ದವು. ಅದೇ ಯಂತ್ರದ ಹದಿನೈದು ಇಂಚಿನ ಮಾದರಿ 2023ರಲ್ಲಿಯೇ ಬಂದಿತ್ತು. ಹಳೆಯದನ್ನು ತಯಾರಕರಿಗೇ ಕೊಟ್ಟು ಹೊಸದನ್ನು ಕೊಳ್ಳೋಣವೆಂದು ಮಗಳು ಸೂಚಿಸಿದಳು.

ಇಲ್ಲಿ ತಕ್ಕಡಿಯೂ ಇಲ್ಲ, ಅಂಗಡಿಯವನೂ ಇಲ್ಲ. ಯಂತ್ರದ ಕ್ರಮಸಂಖ್ಯೆಯನ್ನು ನಮೂದಿಸಿ ಅದರ ಸ್ಥಿತಿಯ ಬಗೆಗೆ ಕೇಳಿದ ಕೆಲವು ಪ್ರಶ್ನೆಗಳಿಗೆ ಉತ್ತರ ಕೊಟ್ಟರೆ ಅಂದಾಜು ಬೆಲೆ ಕಾಣಿಸುತ್ತದೆ. ಬಳಿಕ ಅಂಚೆವೆಚ್ಚ ಮೊದಲೇ ಪಾವತಿಯಾದ ಚೀಟಿಯೊಡನೆ ರಟ್ಟಿನ ಪೆಟ್ಟಿಗೆ ಮನೆಗೆ ಬರುತ್ತದೆ. ಅದರಲ್ಲಿಟ್ಟು ಕಳುಹಿಸಿದ ಯಂತ್ರವನ್ನು ಕಂಪನಿಯ ಪರವಾಗಿ ಪರೀಕ್ಷಕರು ನೋಡುತ್ತಾರೆ. ನಾವು ಹೇಳಿದಂತೆಯೇ ಇದ್ದರೆ ಬೆಲೆ ನಿಲ್ಲುತ್ತದೆ. ಬೇರೆಯಾಗಿದ್ದರೆ ಬೆಲೆಯನ್ನು ತಿದ್ದಿ ತಿಳಿಸುತ್ತಾರೆ. ತಿದ್ದಿದ ಬೆಲೆ ಒಪ್ಪಿಗೆಯಾಗದಿದ್ದರೆ ಯಂತ್ರ ಮರಳಿ ಬರುತ್ತದೆ. ಬೆಲೆಯೇ ಬಾರದಷ್ಟು ಹಳತಾಗಿದ್ದರೆ ಅದರೊಳಗಿನ ಲೋಹಾದಿಗಳನ್ನು ಮರುಬಳಕೆಗಾಗಿ ಉಚಿತವಾಗಿ ಸ್ವೀಕರಿಸುತ್ತಾರೆ.

ಯಂತ್ರದ ಮೈ ಸುಸ್ಥಿತಿಯಲ್ಲಿದೆಯೇ ಎಂಬ ಪ್ರಶ್ನೆ ಬಂದಾಗ ನಾವು ತಡೆದೆವು. ಅದರ ಬಲಮೂಲೆ ತುಸು ನೆಗ್ಗಿತ್ತು. ನಮ್ಮ ಮನೆಯವರು 2022ರಲ್ಲಿ ಆಸ್ಪತ್ರೆಯಲ್ಲಿದ್ದಾಗ, ಒಂದು ಇರುಳು ಹೊರಗಿನ ಬೆಂಚಿನ ಮೇಲೆ ನಮಗೆ ಜೊಂಪು ಹತ್ತಿ, ತೊಡೆಯ ಮೇಲಿದ್ದ ಯಂತ್ರ ಜಾರಿ ಕಲ್ಲುನೆಲಕ್ಕೆ ಬಿದ್ದಿತ್ತು. “ಅಪ್ಪಾ, ಇದೇನು ಅಂಥಾ ದೊಡ್ಡ ಪೆಟ್ಟಲ್ಲರಿ. ಚಲೋ ಅದ ಅಂತ ಬರದ್ರ ನಡೀತದ,” ಎಂದಳು ಮಗಳು. ತಂದೆಗೆ ನಾಲ್ಕು ಕಾಸು ಹೆಚ್ಚು ಬರಲೆಂಬ ಪ್ರೀತಿಯ ಮಾತದು. ಆದರೂ ನಾವು “ಇಲ್ಲ” ಎಂದೇ ಬರೆಸಿದೆವು. ಬೆಲೆ ತಕ್ಷಣವೇ ಇಳಿಯಿತು. ನೆಗ್ಗನ್ನು ಮುಚ್ಚಿಟ್ಟರೆ ಆ ಇರುಳನ್ನೂ ಮುಚ್ಚಿಟ್ಟಂತಾಗುವುದೆಂಬ ಭಾವನೆಯೊಂದು ನಮ್ಮಲ್ಲಿ ಸುಳಿದದ್ದು ನಿಜ.

ಮನೆಯವರು ಆ ಕಾಯಿಲೆಯಿಂದ ಏಳಲಿಲ್ಲ. ಅದೇ ವರ್ಷ ಲಿಂಗೈಕ್ಯರಾದರು.

ಇನ್ನು ಯಂತ್ರವನ್ನು ಬರಿದು ಮಾಡುವ ಕೆಲಸ ಉಳಿದಿತ್ತು. ಮೊದಲು ನಮ್ಮ ಖಾತೆಯಿಂದ ಹೊರಬಂದು, ‘ಫೈಂಡ್ ಮೈ’ ಎಂಬ ಪತ್ತೆ ವ್ಯವಸ್ಥೆಯನ್ನು ನಿಲ್ಲಿಸಬೇಕು. ಇಲ್ಲವಾದರೆ ಮುಂದಿನವರಿಗೆ ಆ ಯಂತ್ರ ತೆರೆಯುವುದೇ ಇಲ್ಲ. ಬಳಿಕ ಎಲ್ಲವನ್ನೂ ಅಳಿಸುವ ಆಜ್ಞೆ ಕೊಡಬೇಕು. ಈ ಮಾದರಿಯಲ್ಲಿ ಬರಹವೆಲ್ಲ ಗೂಢಲಿಪಿಯಲ್ಲಿರುತ್ತದೆ. ಅಳಿಸುವುದೆಂದರೆ ಅದನ್ನು ಓದುವ ಕೀಲಿಯನ್ನೇ ನಾಶಪಡಿಸುವುದು. ಆದ್ದರಿಂದಲೇ ಕೆಲವು ನಿಮಿಷಗಳಲ್ಲಿ ಕೆಲಸ ಮುಗಿಯುತ್ತದೆ. ಅನಂತರ ಅದನ್ನು ತಯಾರಿಸಿದವರೂ ಹಿಂದಕ್ಕೆ ತಂದುಕೊಡಲಾರರು.

ನಮ್ಮ ಲೇಖನಗಳೆಲ್ಲ ಐಕ್ಲೌಡ್ ಎಂಬ ದೂರದ ಸಂಗ್ರಹದಲ್ಲಿ ಸುರಕ್ಷಿತವಾಗಿವೆಯೆಂದು ನಂಬಿ, ಆಜ್ಞೆ ಕೊಡಲು ಸಿದ್ಧರಾಗಿ ಕುಳಿತಿದ್ದೆವು. ಪಕ್ಕದಲ್ಲಿ ಒಂಬತ್ತು ವರ್ಷದ ಮೊಮ್ಮಗಳಿದ್ದಳು. “ಅಜ್ಜಾ, ಅಜ್ಜಿ ಹಾಡೂ ಅಳಿಸಿ ಹೋಗ್ತಾವೇನು?” ಎಂದು ಕೇಳಿದಳು.

ನಮ್ಮ ಕೈ ಅಲ್ಲಿಯೇ ನಿಂತಿತು. ಮನೆಯವರು ತಮ್ಮ ತಾಯಿಯಿಂದ ಕಲಿತ ಬೀಸುಕಲ್ಲಿನ ಪದಗಳನ್ನು 2021ರ ಶ್ರಾವಣದಲ್ಲಿ ಸೋದರ ಸೊಸೆಯ ಮುಂದೆ ಹಾಡಿದ್ದರು. ಹನ್ನೊಂದು ಪದಗಳು. ಅವಳು ತನ್ನ ಫೋನಿನಲ್ಲಿ ಧ್ವನಿ ಹಿಡಿದು ವಾಟ್ಸಾಪಿನಲ್ಲಿ ನಮಗೆ ಕಳುಹಿಸಿದ್ದಳು. ನಾವು ಅವನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಂಡಿದ್ದೆವು. ಆಮೇಲೆ ಅವಳ ಫೋನು ನೀರಿಗೆ ಬಿದ್ದು ಕೆಟ್ಟಿತು. ನಮ್ಮ ಫೋನೂ ಬದಲಾಯಿತು. ಮೊಮ್ಮಗಳು ಈ ಪದಗಳನ್ನು ನಮ್ಮೊಡನೆ ಎಷ್ಟೋ ಸಂಜೆ ಕೇಳಿದ್ದಳು.

ಮಗಳು ಬಂದು ಹುಡುಕಿದಳು. ದೂರದ ಸಂಗ್ರಹದಲ್ಲಿ ನಮ್ಮ ಲೇಖನಗಳಿದ್ದವು, ಹಾಡುಗಳಿರಲಿಲ್ಲ. ಡೆಸ್ಕ್‌ಟಾಪ್ ಮತ್ತು ಡಾಕ್ಯುಮೆಂಟ್ಸ್ ಎಂಬ ಕೋಶಗಳಲ್ಲಿರುವುದು, ನಾವು ಅನುಮತಿ ಕೊಟ್ಟಿದ್ದರೆ, ಅಲ್ಲಿಗೆ ಹೋಗುತ್ತದೆ. ಇಳಿಸಿಕೊಂಡದ್ದು ಬಂದು ಬೀಳುವ ಡೌನ್‌ಲೋಡ್ಸ್ ಕೋಶ ತಾನಾಗಿ ಹೋಗುವುದಿಲ್ಲ. ಆ ಹನ್ನೊಂದು ಪದಗಳು ಆ ಯಂತ್ರವೊಂದನ್ನು ಬಿಟ್ಟರೆ ಈ ಲೋಕದಲ್ಲಿ ಮತ್ತೆಲ್ಲಿಯೂ ಇರಲಿಲ್ಲ.

ನಾಲ್ಕು ದಶಕಗಳಿಂದ ಹಸ್ತಪ್ರತಿಗಳ ನಡುವೆ ಬಾಳಿದ ನಮಗೆ ಆ ಕ್ಷಣ ಬಹಳ ನಾಚಿಕೆಯಾಯಿತು. ಜೀರ್ಣವಾದ ಗರಿಯ ಪ್ರತಿ ಮಾಡಿಕೊಂಡ ಮೇಲೂ, ಸಾಲು ಸಾಲಾಗಿ ಓದಿ ತಾಳೆ ನೋಡದೆ ಮೂಲವನ್ನು ಕೈಬಿಡಬಾರದೆಂದು ಗುರುಗಳು ನಮಗೆ ಕಲಿಸಿದ್ದರು. ನಾವೂ ಎಷ್ಟೋ ವಿದ್ಯಾರ್ಥಿಗಳಿಗೆ ಅದನ್ನೇ ಹೇಳಿದ್ದೆವು. ನಮ್ಮ ಮನೆಯ ಮೂಲಪ್ರತಿಯ ವಿಷಯದಲ್ಲಿ ಮಾತ್ರ “ಎಲ್ಲವೂ ಅಲ್ಲಿದೆ” ಎಂಬ ನಂಬಿಕೆಯೊಂದನ್ನೇ ಸಾಕೆಂದುಕೊಂಡಿದ್ದೆವು. ನಮ್ಮ ಲೇಖನಗಳನ್ನು ಮಾತ್ರ ಆಸ್ತಿಯೆಂದು ಎಣಿಸಿ, ಅವರ ಹಾಡುಗಳನ್ನು ಎಣಿಕೆಗೇ ತೆಗೆದುಕೊಂಡಿರಲಿಲ್ಲವೆಂಬುದು ಅದಕ್ಕಿಂತ ಹೆಚ್ಚಾಗಿ ನೋಯಿಸಿತು.

ಆ ದಿನ ಕೆಲಸ ನಿಲ್ಲಿಸಿದೆವು. ಹಾಡುಗಳನ್ನು ಹೊರಗಿನ ಡಿಸ್ಕಿಗೊಂದು, ಮಗಳ ಕಂಪ್ಯೂಟರಿಗೊಂದು, ಊರಿನಲ್ಲಿರುವ ಮಗನಿಗೊಂದು ಎಂದು ಮೂರು ಪ್ರತಿ ಮಾಡಿದೆವು. ಬಳಿಕ ಮೂರನ್ನೂ ಮೊದಲಿಂದ ಕೊನೆಯವರೆಗೆ ಕೇಳಿದೆವು. ಊರಿನ ಪ್ರತಿಯನ್ನು ಮಗ ಫೋನಿನಲ್ಲಿ ಕೇಳಿಸಿದ. ಏಳನೆಯ ಪದದ ನಡುವೆ ಮನೆಯವರು ಕೆಮ್ಮಿ, “ತಡೀ, ಮರತೆ,” ಎಂದು ನಕ್ಕಿದ್ದಾರೆ. ಆ ನಗೆ ಮೂರೂ ಪ್ರತಿಗಳಲ್ಲಿದೆಯೆಂದು ಖಚಿತವಾದ ಮೇಲೆ, ಮರುದಿನ ಬೆಳಿಗ್ಗೆ ಯಂತ್ರವನ್ನು ಬರಿದು ಮಾಡಿದೆವು.

ಪೆಟ್ಟಿಗೆಯಲ್ಲಿಡುವ ಮುನ್ನ ಬ್ಯಾಟರಿ ಉಬ್ಬಿಲ್ಲವೆಂದು ನೋಡಿಕೊಂಡೆವು. ಉಬ್ಬಿದ ಲಿಥಿಯಂ ಬ್ಯಾಟರಿಗೆ ಬೆಂಕಿ ಹೊತ್ತುವ ಅಪಾಯವಿದೆ. ಅಂತಹದನ್ನು ಎಂದಿಗೂ ಅಂಚೆಗೆ ಹಾಕಬಾರದು. ಸುಮಾರು ಮೂರು ವಾರಗಳಲ್ಲಿ ಪರೀಕ್ಷೆ ಮುಗಿದ ಸುದ್ದಿ ಬಂದಿತು. ನಾವು ಹೇಳಿದ ನೆಗ್ಗು, ಅವರು ಕಂಡ ನೆಗ್ಗು ಒಂದೇ ಆಗಿದ್ದುದರಿಂದ ಬೆಲೆಯಲ್ಲಿ ವ್ಯತ್ಯಾಸವಾಗಲಿಲ್ಲ.

ಹಳೆಯ ಯಂತ್ರಗಳನ್ನು ಅಟ್ಟದ ಮೇಲೆ ಕೂಡಿಡುವುದೂ ಸರಿಯಲ್ಲ, ಕಸಕ್ಕೆ ಎಸೆಯುವುದಂತೂ ಸಲ್ಲದು. ವಿಶ್ವಸಂಸ್ಥೆಯ ಸಂಸ್ಥೆಗಳು 2024ರಲ್ಲಿ ಪ್ರಕಟಿಸಿದ ವರದಿಯಂತೆ 2022ರಲ್ಲಿ ಜಗತ್ತಿನಲ್ಲಿ ಹುಟ್ಟಿದ ವಿದ್ಯುನ್ಮಾನ ಕಸ 6.2 ಕೋಟಿ ಟನ್. ಅದರಲ್ಲಿ ಕ್ರಮವಾಗಿ ಸಂಗ್ರಹಿಸಿ ಮರುಬಳಕೆಯಾದುದಕ್ಕೆ ಲೆಕ್ಕ ಸಿಕ್ಕಿದ್ದು ಶೇ. 22.3 ಮಾತ್ರ. ನಮ್ಮ ದೇಶದಲ್ಲಿಯೂ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮಗಳು ಈ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಆದ್ದರಿಂದ ಕೊಡುವುದು ಒಳಿತೇ. ಆದರೆ ಕೊಡುವ ಮುನ್ನ ಒಂದು ದಿನವನ್ನು ಅದಕ್ಕಾಗಿಯೇ ತೆಗೆದಿಡಿರಿ. ಅದರೊಳಗೆ ಏನೇನಿದೆಯೆಂದು ನೀವೊಬ್ಬರೇ ನೆನೆಯದೆ, ಮನೆಮಂದಿಯನ್ನೆಲ್ಲ ಕೂಡಿಸಿ ಕೇಳಿರಿ. ಮಕ್ಕಳನ್ನು ಮರೆಯದೆ ಕೇಳಿರಿ.

ಈಗ ನಮ್ಮ ಹೊಸ ಯಂತ್ರದ ಅಕ್ಷರಗಳು ದೊಡ್ಡದಾಗಿ ಕಾಣುತ್ತವೆ. ಇದನ್ನು ಬರೆಯುವ ಹೊತ್ತಿಗೆ ಮೂರನೆಯ ಪದ ಕೇಳಿಬರುತ್ತಿದೆ. ಮೊಮ್ಮಗಳು ಆ ಪದವನ್ನು ಪೂರ್ತಿ ಕಲಿತಿದ್ದಾಳೆಂದು ಮೊನ್ನೆ ಮಗಳು ಫೋನಿನಲ್ಲಿ ತಿಳಿಸಿದಳು.