ಗೆರೆ ಎಳೆಯುವ ಮೊದಲು

ಫುಟ್‌ಬಾಲ್ ಮೈದಾನದಲ್ಲಿ ನನಗೆ ಎಂದೂ ಒಗ್ಗದ್ದು ಆ ಬಿಳಿ ಗೆರೆ. ಒಳಗೆ ಇಪ್ಪತ್ತೆರಡು ಮಂದಿ, ಹೊರಗೆ ಊರಿಗೆ ಊರೇ. ಆಡುವವರು ಬೇರೆ, ನೋಡುವವರು ಬೇರೆ ಎಂದು ಯಾರು ತೀರ್ಮಾನಿಸಿದರೋ! ಹುಡುಕುತ್ತ ಹೋದರೆ ಅಂಥ ಗೆರೆಯೇ ಇಲ್ಲದ ಇಂಗ್ಲೆಂಡು ಸಿಗುತ್ತದೆ. ಕಣ್ಣಾರೆ ಕಾಣದ ಆ ಕಾಲದ ಮೇಲೆ ನನಗೇಕೋ ತವರಿನ ಹಂಬಲ.

ಲೆಂಟ್ ಉಪವಾಸ ಹಿಡಿಯುವ ಹಿಂದಿನ ಮಂಗಳವಾರ ಡರ್ಬಿ ಪಟ್ಟಣವೇ ಎರಡು ಪಾಲು. ಆಲ್ ಸೇಂಟ್ಸ್ ಕೇರಿಯವರು ಒಂದು ಕಡೆ, ಸೇಂಟ್ ಪೀಟರ್ಸ್ ಕೇರಿಯವರು ಇನ್ನೊಂದು ಕಡೆ. ತಲೆ ಎಣಿಸುವ ಪದ್ಧತಿಯೇ ಇರಲಿಲ್ಲ. ಚೆಂಡು ಮೇಲೆದ್ದಿತೋ, ಜನ ಮುಗಿಬಿದ್ದರು. ಒದೆಯುವುದಕ್ಕಿಂತ ಅವುಚಿಕೊಂಡು ನುಗ್ಗುವುದೇ ಹೆಚ್ಚು. ಡರ್ವೆಂಟ್ ನದಿ ಅಡ್ಡ ಬಂದರೆ ಅದೂ ಮೈದಾನವೇ. ಕೊರೆಯುವ ನೀರಿಗೆ ಚೆಂಡಿನ ಹಿಂದೆಯೇ ಜನ ಧುಮುಕುತ್ತಿದ್ದರು.

ಆಳುವವರಿಗೆ ಈ ಆಟ ಬಹುಕಾಲ ಸೇರಲಿಲ್ಲ. 1314ರಲ್ಲಿ ಲಂಡನ್ನಿನ ಮೇಯರ್ ಗದ್ದಲವೆಂದು ನಿಷೇಧಿಸಿದ. ಮೂರನೆಯ ಎಡ್ವರ್ಡನಿಗೆ ಪ್ರಜೆಗಳು ಬಿಲ್ಲು ಹಿಡಿಯುವುದನ್ನು ಮರೆತಾರೆಂಬ ಚಿಂತೆ. 1424ರಲ್ಲಿ ಸ್ಕಾಟ್ಲೆಂಡಿನ ಒಂದನೆಯ ಜೇಮ್ಸ್ ನಾಲ್ಕು ಪೆನ್ನಿ ದಂಡ ಹೇರಿದ. ತಮಾಷೆಯೆಂದರೆ, ಅದೇ ಸ್ಕಾಟ್ಲೆಂಡಿನ ಸ್ಟರ್ಲಿಂಗ್ ಅರಮನೆಯ ರಾಣಿಯ ಕೋಣೆಯಲ್ಲಿ 16ನೆಯ ಶತಮಾನದ ಚೆಂಡೊಂದು ಸಿಕ್ಕಿದೆ: ಹಂದಿಯ ಮೂತ್ರಕೋಶಕ್ಕೆ ಚರ್ಮ ಹೊಲಿದದ್ದು. ದಂಡ ಹಾಕುವವರ ಮನೆಯಲ್ಲೇ ಯಾರೋ ಒದ್ದಿದ್ದರು!

ಅರಸರಿಂದಾಗದ್ದನ್ನು ಮಾಡಿ ಮುಗಿಸಿದ್ದು 19ನೆಯ ಶತಮಾನ. ಊರ ಬಯಲುಗಳಿಗೆ ಬೇಲಿ ಬಿತ್ತು. 1835ರ ಹೆದ್ದಾರಿ ಕಾಯ್ದೆ ರಸ್ತೆಯಲ್ಲಿ ಚೆಂಡಾಡಿದವರಿಗೆ 40 ಶಿಲ್ಲಿಂಗ್‌ವರೆಗೆ ದಂಡ ಎಂದಿತು. ಡರ್ಬಿಯಲ್ಲಿ 1846ರಲ್ಲಿ ಸೈನ್ಯವನ್ನೇ ಕರೆಸಿದರು. ಅಂಗಡಿಯವರ ದೂರು ಸುಳ್ಳಲ್ಲ. ಕಿಟಕಿ ಒಡೆಯುತ್ತಿದ್ದವು, ಕೈಕಾಲು ಮುರಿಯುತ್ತಿದ್ದವು, ಜೀವವೂ ಹೋದದ್ದುಂಟು. ಆದರೆ ಗಿರಣಿಯ ಆಳು ವರ್ಷವೆಲ್ಲ ತಲೆತಗ್ಗಿಸಿ ನಡೆದ ಬೀದಿ ಆ ಒಂದು ಮಧ್ಯಾಹ್ನ ಅವನದಾಗಿರುತ್ತಿತ್ತಲ್ಲ, ಆ ನಷ್ಟವನ್ನು ಯಾವ ದೂರಿನ ಪುಸ್ತಕದಲ್ಲಿ ಬರೆಯಬೇಕು? ನಮ್ಮ ಬೀದಿಯ ಬಟ್ಟೆಚೆಂಡಿನ ಆಟವೂ ಗಾಡಿಗಳು ಹೆಚ್ಚಿದ ಮೇಲೆ ನಿಂತುಹೋಯಿತು. ಅದಕ್ಕೆ ಸೈನ್ಯವೇನೂ ಬೇಕಾಗಲಿಲ್ಲ.

1863ರಲ್ಲಿ ಲಂಡನ್ನಿನ ಫ್ರೀಮೇಸನ್ಸ್ ಟ್ಯಾವರ್ನ್‌ನಲ್ಲಿ ಫುಟ್‌ಬಾಲ್ ಅಸೋಸಿಯೇಷನ್ ಹುಟ್ಟಿತು. ನಿಯಮ ಬಂತು, ಆಟಕ್ಕೆ ಮರ್ಯಾದೆಯೂ ಬಂತು.

ಹಳೆಯದು ಅಲ್ಲಲ್ಲಿ ಇನ್ನೂ ಉಸಿರಾಡುತ್ತಿದೆ. ಡರ್ಬಿಗೆ ಸುಮಾರು ಇಪ್ಪತ್ತು ಕಿಲೋಮೀಟರ್ ದೂರದ ಆ್ಯಶ್‌ಬೋರ್ನ್‌ನಲ್ಲಿ ಹೆನ್‌ಮೋರ್ ತೊರೆಯ ಯಾವ ದಡದಲ್ಲಿ ಹುಟ್ಟಿದಿರೋ ಅದೇ ನಿಮ್ಮ ತಂಡ. ಗೋಲಿನಿಂದ ಗೋಲಿಗೆ ಮೂರು ಮೈಲಿ. ತೊರೆಯಲ್ಲಿ ಮುಳುಗದಿರಲೆಂದು ಚೆಂಡಿನೊಳಗೆ ಕಾರ್ಕ್ ತುಂಬುತ್ತಾರೆ. ಕೊಲೆ ಮಾಡಬಾರದು ಎಂಬುದೂ ಅಲ್ಲಿನ ನಿಯಮಗಳಲ್ಲೊಂದು. 1928ರಲ್ಲಿ ಚೆಂಡು ಎಸೆಯಲು ಬಂದ ಯುವರಾಜ ಎಡ್ವರ್ಡನ ಮೂಗಿನಲ್ಲೂ ರಕ್ತ ಬಂದಿತಂತೆ. ಆಟ ಎಂದು ಶುರುವಾಯಿತೆಂದು ಹೇಳಬಹುದಾಗಿದ್ದ ಹಳೆಯ ಕಡತಗಳು 1890ರ ದಶಕದ ಬೆಂಕಿಗೆ ಹೋದವು. ಆಟಕ್ಕೆ ಅವುಗಳ ಹಂಗಿರಲಿಲ್ಲ.

ಮೆಸ್ಸಿಯ ಕಾಲ್ಚಳಕಕ್ಕೆ ನಾನೂ ಚಪ್ಪಾಳೆ ತಟ್ಟುತ್ತೇನೆ. ಆದರೆ ಆಡಲು ಬಾರದ ನನ್ನಂಥವಳಿಗೆ ಇಂದಿನ ಆಟ ಒಂದು ಟಿಕೆಟ್ ಕೊಡುತ್ತದೆ. ಅಂದಿನದು ಒಂದು ನೂಕು ಕೊಡುತ್ತಿತ್ತು. ಟಿಕೆಟ್ಟು ಬೇಕಾದವರಿಗಿರಲಿ, ನನಗೆ ಆ ನೂಕೇ ಬೇಕಿತ್ತು.